ಮಣಿಬಾಯಿಯ ಪ್ರಕಾರ

ಹಳಿಯಾಳ,
12 ಜೂನ್ 2001

ನನ್ನ ಮುದ್ದು ಮಮ್ಮಿ,

ಈ ಪತ್ರ ಮುಟ್ಟಿದ ಕೂಡಲೇ ದಾಂಡೇಲಿಯಿಂದ ಕುಂಬಾರವಾಡದ ಬಸ್ ಹಿಡಿ. ಮಾನ್ವೆಲ್ ಅಲ್ಲಿ ತನ್ನ ಗೆಳೆಯ ಅಂಕುಶನ ಮನೆಯಲ್ಲಿದ್ದಾನೆ. ಮದುವೆಯಾಗಿ ಏಳೇ ವಾರ, ಅವನು ನನ್ನನ್ನು ಬಿಟ್ಟು ಹೋಗಿ ಆಗಲೇ ಒಂಬತ್ತು ದಿನ. ನಾನು ಎರಡು ಸಲ ಹೋದೆ. ಎರಡು ಸಲವೂ ಹಿತ್ತಲಿನಿಂದ ಗದ್ದೆಗೆ ಇಳಿದುಬಿಟ್ಟ. ನಿನ್ನ ಮಾತನ್ನು ಮಾತ್ರ ಅವನು ತೆಗೆದುಹಾಕುವುದಿಲ್ಲ.

ಮಾವ ಬಸ್ತ್ಯಾಂವ ಈ ಕೇರಿಗೆಲ್ಲ ಪ್ರಾರ್ಥನೆ ಕಲಿಸಿದವರು. ಆರು ವರ್ಷದ ಹಿಂದೆ ಜೇನು ತರಲು ಕಾಡಿಗೆ ಹೋದಾಗ ಕರಡಿಯ ಕೈಗೆ ಸಿಕ್ಕಿ ತೀರಿಕೊಂಡರು. ಈ ಸಲ ಅವರ ಸ್ಮರಣೆಯ ಪೂಜೆಯ ದಿನ ಚರ್ಚಿನಲ್ಲಿ ಓದಲು ಅವರ ಜೀವನ ಬರೆದುಕೊಡು ಎಂದು ಫಾದರ್ ನನಗೆ ಹೇಳಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಸ್ಕೂಲಲ್ಲಿ ಸಿಸ್ಟರ್ ಹೇಳಿಕೊಟ್ಟದ್ದೆಲ್ಲ ನೆನಪಾಯಿತು. ಯೇಸುವಿನ ಕಥೆ ಮೂವತ್ತು ನಲವತ್ತು ವರ್ಷ ಬಾಯಿಂದ ಬಾಯಿಗೇ ಸಾಗಿತಂತೆ. ಕಣ್ಣಾರೆ ಕಂಡವರು ಒಬ್ಬೊಬ್ಬರೇ ಹೋಗತೊಡಗಿದಾಗ ಬರೆಯಲು ಕುಳಿತರಂತೆ. ಆತನ ಎತ್ತರ, ಬಣ್ಣ ಏನೂ ಬರೆಯಲಿಲ್ಲ. ಕೇಳಿದವರು ನಂಬಬೇಕು, ಹಾಗೆ ಬದುಕಬೇಕು, ಅಷ್ಟಕ್ಕೇ ಬರೆದದ್ದು. ‘ಮತ್ತಾಯನ ಪ್ರಕಾರ’, ‘ಮಾರ್ಕನ ಪ್ರಕಾರ’ ಎಂಬ ಹೆಸರುಗಳನ್ನು ಆ ಬರಹಗಳಿಗೆ ಆಮೇಲೆ ಯಾರೋ ಇಟ್ಟರಂತೆ. ಆತನ ಶಿಷ್ಯ ಪೇತ್ರ ಹೆದರಿ, ಆತ ಯಾರೋ ನನಗೆ ಗೊತ್ತಿಲ್ಲ ಎಂದದ್ದನ್ನು ಕೂಡ ಅವರು ಮುಚ್ಚಿಡಲಿಲ್ಲ. ಅಂಥವನಿಗೂ ಕ್ಷಮೆ ಸಿಕ್ಕಿತಲ್ಲ, ಅದಕ್ಕೆ.

ನಾನೂ ಹಾಗೇ ಬರೆದೆ ಮಮ್ಮಿ. ಆ ದಿನ ಮಾವ ಒಬ್ಬರೇ ಹೋಗಿದ್ದರೆಂದು ಊರೆಲ್ಲ ನಂಬಿತ್ತು. ಮಾನ್ವೆಲ್ ಮರದ ಮೇಲಿದ್ದ, ಅಪ್ಪ ಕೆಳಗಿನಿಂದ ಕೂಗಿದರು, ಅವನು ಇಳಿಯಲಿಲ್ಲ ಎಂದು ನಾನು ಬರೆದೆ. ಎರಡು ದಿನ ಜೀವ ಹಿಡಿದುಕೊಂಡಿದ್ದ ಅಪ್ಪ ಊರವರ ಮುಂದೆ ಮಗನ ಹೆಸರೆತ್ತಲಿಲ್ಲ, ಕ್ಷಮಿಸಿಬಿಟ್ಟಿದ್ದರು ಎಂದೂ ಬರೆದೆ. ಕೊನೆಗೆ ‘ಅತ್ತೆ ಮಣಿಬಾಯಿಯ ಪ್ರಕಾರ’ ಎಂದು ಸೇರಿಸಿದೆ.

ಎಲ್ಲರೂ ಅವನನ್ನು ಅಪ್ಪಿಕೊಂಡು ಅಳುತ್ತಾರೆ ಎಂದುಕೊಂಡಿದ್ದೆ. ಓದಿ ತಲೆಯೆತ್ತಿದರೆ ಅವನು ಕೂತ ಜಾಗ ಖಾಲಿ. ಹೊರಗೆ ಪಕ್ಕದ ಮನೆಯ ಹೊಳೆವ್ವ, “ಏನವಾ ಇಂಗ್ಲಿಷ್ ಸಾಲಿಯಾಕಿ, ಸತ್ತಾವನ ಸುದ್ದಿ ಬರಿ ಅಂದ್ರ ಇದ್ದಾವನ್ನ ಕೊಂದೆಲ್ಲ” ಎಂದಳು. ಆಮೇಲೆ ಅತ್ತೆಯ ಕಡೆ ತಿರುಗಿ, ಇದನ್ನ ನೀನ ಹೇಳಿಯೇನ ಎಂದು ಕೇಳಿದಳು. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು. “ಹೌದ, ನಾನ ಹೇಳೇನಿ. ಈಗೇನ್ ನನ್ನ ಗಲ್ಲಿಗೆ ಹಾಕ್ತಿಯೇನ?” ಎಂದರು.

ಹೆತ್ತ ಮಗನ ಮಾನ ಕಳೆದವಳೆಂದು ಈಗ ಅತ್ತೆಯನ್ನು ಯಾರೂ ಮಾತಾಡಿಸುತ್ತಿಲ್ಲ. ನಾನು ಆ ಹಾಳೆಯನ್ನು ಒಲೆಗೆ ಹಾಕಿದೆ. ಕೇಳಿದವರ ಕಿವಿಯಿಂದ ತೆಗೆಯುವುದು ಹೇಗೆ? ಮಾನ್ವೆಲ್ ಸರಿಯಾಗಿ ಉಣ್ಣುತ್ತಿಲ್ಲವಂತೆ. ಗೋವಾಕ್ಕೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ ಎನ್ನುತ್ತಾನಂತೆ. ಮಳೆ ಜೋರಾದರೆ ಬಸ್ಸೂ ನಿಲ್ಲುತ್ತದೆ. ನಾಳೆಯೇ ಹೋಗು ಮಮ್ಮಿ, ಅವನ ಕಾಲಿಗಾದರೂ ನಾನು ಬೀಳುತ್ತೇನೆ ಎಂದು ಹೇಳು.

ನಿನ್ನ ಹುಚ್ಚು ಮಗಳು,
ರೀನಾ

ತಾ.ಕ.: ಇದನ್ನು ತಿಳಿಯದೆ ನೀನು ಅವನ ಮುಂದೆ ಹೋಗಬೇಡ. ಮಣಿಬಾಯಿ ನನಗೆ ಏನೂ ಹೇಳಿರಲಿಲ್ಲ. ಮಾವ ಸಾಯುವವರೆಗೂ ಒಬ್ಬನೇ ಹೋಗಿದ್ದೆ ಎಂದೇ ಹೇಳಿದ್ದರು. ಮದುವೆಯಾದ ಎರಡನೇ ವಾರ ಮಾನ್ವೆಲ್ ನನ್ನೊಬ್ಬಳಿಗೇ ಹೇಳಿ ಅತ್ತಿದ್ದ. ಹೇಳಿದ್ದು ಅವನೇ ಎಂದು ತಿಳಿಯಬಾರದೆಂದು ನಾನೇ ಅತ್ತೆಯ ಹೆಸರು ಹಾಕಿದೆ. ತಮ್ಮ ಗಂಡ ಹೇಗೆ ಸತ್ತರೆಂದು ಅತ್ತೆಗೆ ಗೊತ್ತಾದದ್ದೇ ಆ ಭಾನುವಾರ, ನಾನು ಓದಿದಾಗ, ಎಲ್ಲರ ನಡುವೆ ಕುಳಿತು.