ಹತ್ತಿ ಉಜ್ಜಿದ ಗಲ್ಲ

ಮಾರ್ಚ್ ೯, ಸೋಮವಾರ

ಇವರಿಗೆ,

‘ಏನ್ರೀ’ ಎಂದು ಕರೆಯುವುದು ನಿಂತು ಎಂಟು ತಿಂಗಳಾಯಿತು. ಕಾಗದದ ತಲೆಗೆ ಏನು ಬರೆಯಲಿ ಎಂದು ಅರ್ಧ ಗಂಟೆ ಕೂತಿದ್ದೆ. ಕ್ಷೇಮ ಕೇಳುವುದಿಲ್ಲ, ನಿಮಗೆ ಬಡ್ತಿ ಸಿಕ್ಕಿದ್ದು ತಿಳಿಯಿತು.

ನನ್ನ ತಮ್ಮ ಇನ್ನೂ ಸೇನಾ ಆಸ್ಪತ್ರೆಯ ಮೂರನೇ ವಾರ್ಡಿನಲ್ಲೇ ಇದ್ದಾನೆ. ಆಮ್ಲಜನಕದ ನಳಿಗೆ ತೆಗೆದರೆ ಬಚ್ಚಲಿಗೆ ಹೋಗುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿಯುತ್ತಾನೆ. ಗುರುವಾರ ವಿಚಾರಣಾ ಸಮಿತಿ ಕೊನೆಯ ಸಲ ಕೂರುತ್ತದೆ. ತಪ್ಪು ಅವನದೇ ಎಂದು ಬರೆದುಬಿಟ್ಟರೆ ತಿಂಗಳ ಕೊನೆಗೆ ಹಾಸಿಗೆ ಖಾಲಿ ಮಾಡಬೇಕಂತೆ.

ನಿಮ್ಮ ಹೇಳಿಕೆಯ ಪ್ರತಿ ಮೊನ್ನೆ ನನ್ನ ಕೈಸೇರಿತು. ಅವನು ಗಡ್ಡ ಬೋಳಿಸಿರಲಿಲ್ಲ, ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರದೆ ಸಂದಿಯಿಂದ ಕ್ಲೋರಿನ್ ಒಳಹೋಯಿತು ಎಂದು ಬರೆದಿದ್ದೀರಿ.

ರಾಸಾಯನಿಕ ರಕ್ಷಣಾ ದಳದಲ್ಲಿ ಹಾಜರಿಗೆ ಮುಂಚೆ ಒಬ್ಬೊಬ್ಬರ ಗಲ್ಲಕ್ಕೂ ಹತ್ತಿ ಉಜ್ಜುವ ಪದ್ಧತಿ ತಂದವರು ನೀವೇ ಅಲ್ಲವೇ? ಒಂದು ಎಳೆ ಅಂಟಿದರೂ ವಾಪಸ್. ಆ ಬೆಳಿಗ್ಗೆ ಅವನು ನಮ್ಮ ಮನೆಯ ಕನ್ನಡಿಯ ಮುಂದೆ ಗಲ್ಲ ಕೊಯ್ದುಕೊಂಡು, ಪೇಪರಿನ ಚೂರು ಅಂಟಿಸಿಕೊಂಡು, “ಸೊಳ್ಳೆ ಕೂತ್ರೂ ಜಾರ್ಬೇಕು ಕಣಕ್ಕಾ, ಇಲ್ದಿದ್ರೆ ಭಾವ ನನ್ನನ್ನೂ ಬಿಡಲ್ಲ” ಎಂದು ನಕ್ಕಿದ್ದ. ಅವನಿಗೆ ಹತ್ತಿ ಉಜ್ಜಿ ಒಳಗೆ ಬಿಟ್ಟವರೂ ನೀವೇ. ಗಂಟೆ ಕಳೆಯುವುದರೊಳಗೆ ನೀರು ಶುದ್ಧೀಕರಣ ಘಟಕದಲ್ಲಿ ಅನಿಲ ಸೋರಿತು. ವಾಲ್ವ್ ಮುಚ್ಚಲು ಅವನನ್ನು ಕಳಿಸಿದರು. ಒಂದು ಗಂಟೆಯಲ್ಲಿ ಗಡ್ಡ ಬೆಳೆಯಿತೇ?

ವಿಷ ಬಂದದ್ದು ಸಂದಿಯಿಂದಲ್ಲ, ಮಾಸ್ಕಿನ ಫಿಲ್ಟರ್ ಡಬ್ಬಿಯಿಂದ. ಒಳಗಿನ ವಿಷ ಹೀರುವ ಇದ್ದಿಲಿನ ಅವಧಿ ಮುಗಿದು ನಾಲ್ಕು ವರ್ಷವಾಗಿತ್ತು. ಉಗ್ರಾಣಕ್ಕೆ ಹೊಸ ಮಾಲು ಬರಲಿಲ್ಲ, ತಪಾಸಣೆ ಮಾತ್ರ ಬಂತು. ಉಗ್ರಾಣದ ಹೊಣೆ ನಿಮ್ಮದು. ನಲವತ್ತು ಡಬ್ಬಿಗಳ ಹಳೆಯ ತಾರೀಖಿನ ಮೇಲೆ ಹೊಸ ಚೀಟಿಗಳು ಅಂಟಿದವು. ಇದು ಸರಿಯೇ ಎಂದು ನಾನು ಕೇಳಿದ್ದಕ್ಕೆ, “ಇದನ್ನ ಹಾಕ್ಕೊಳ್ಳೋಕೆ ಈಗೇನು ಯುದ್ಧ ಬಂದಿದ್ಯೇನೇ?” ಎಂದಿರಿ. ಯುದ್ಧ ಬರಲಿಲ್ಲ. ಒಂದು ತುಕ್ಕು ಹಿಡಿದ ವಾಲ್ವ್ ಸಾಕಾಯಿತು.

ಗುರುವಾರ ಬಂದು ನಿಜ ಹೇಳಿ. ನನಗಾಗಿ ಬೇಡ, ನಿಮ್ಮನ್ನು ಬಾಯಿ ತುಂಬ ಭಾವ ಎಂದವನಿಗಾಗಿ. ಅವನು ಈಗಲೂ ನಿಮ್ಮನ್ನು ಬೈಯುವುದಿಲ್ಲ. ಬೈಯಲು ಉಸಿರು ಬೇಕಲ್ಲ.

ಇತಿ,
ದಾಖಲೆಯಲ್ಲಿ ಇನ್ನೂ ನಿಮ್ಮ ಹೆಂಡತಿಯಾಗಿರುವವಳು

ತಾ.ಕ.: ಚೀಟಿಗಳ ಮೇಲಿನ ಅಕ್ಷರ ಯಾರದೆಂದು ಸಮಿತಿ ಕೇಳುತ್ತದೆ. ನಿಮ್ಮದು ಕಾಗೆ ಕಾಲು, ನನ್ನದು ದುಂಡಗೆ ಎಂದು ಊಟದ ಮೇಜಿನ ಮೇಲೆ ಬರೆಸಿಕೊಂಡಿರಿ. ನಲವತ್ತನ್ನೂ ಬರೆದುಕೊಟ್ಟೆ, ಅವನ ಡಬ್ಬಿಯದನ್ನೂ. ನೀವು ಬಂದರೂ ಬಾರದಿದ್ದರೂ ಹತ್ತು ಗಂಟೆಗೆ ನಾನು ಹೋಗಿ ಹೇಳುತ್ತೇನೆ. ತಮ್ಮನಿಗೆ ನಿನ್ನೆಯೇ ಹೇಳಿದೆ. ಇವತ್ತು ನಾನು ಕೊಟ್ಟ ನೀರು ಅವನು ಕುಡಿಯಲಿಲ್ಲ. ಅದೇ ಲೋಟವನ್ನು ನರ್ಸ್ ಕೊಟ್ಟಾಗ ಕುಡಿದ.