ಮುದುಕಪ್ಪ ಸರ್ ಹೆಸರಿನ ಪರೀಕ್ಷೆ

14 ಸೆಪ್ಟೆಂಬರ್ 2025, ಭಾನುವಾರ. ಮಾನ್ವಿ

ಎಂಟನೇ ಕ್ಲಾಸಿನ ಪೇಪರ್ ಅರ್ಧ ತಿದ್ದಿದೆ. ಉಳಿದದ್ದು ನಾಳೆಗೆ. ಕಾಲೇಜಿನ ಗೆಳತಿ ಗುಲ್ನಾಜ್ ದೇವದುರ್ಗದ ಮೊದಲ ಬಸ್ಸಿಗೇ ಬಂದಿಳಿದಳು, ಮೆಡಿಕಲ್ ಶಾಪ್ ತಮ್ಮನಿಗೆ ಒಪ್ಪಿಸಿ.

ನಮ್ಮ ಬಾಟನಿ ಪ್ರೊಫೆಸರ್ ಮುದುಕಪ್ಪ ಸರ್ ತೀರಿಕೊಂಡು ಆರು ತಿಂಗಳು. ಅವರ ಹೆಸರಲ್ಲಿ ಸ್ಕಾಲರ್‌ಶಿಪ್ ಇಡಬೇಕು, ವರ್ಷಕ್ಕೆ ಒಬ್ಬ ಹಳ್ಳಿ ಹುಡುಗಿಯಾದರೂ ಬಿ.ಎಸ್ಸಿ. ಓದಬೇಕು ಎಂದು ಹಳೆಯ ವಿದ್ಯಾರ್ಥಿಗಳೆಲ್ಲ ಹೂಂ ಎಂದಿದ್ದಾರೆ. ಹಣ ಕೂಡಿಸಲು ಹೊರಟವರು ಮಾತ್ರ ನಾವಿಬ್ಬರೇ.

ಮೊದಲು ರೈಸ್ ಮಿಲ್ ಪಂಪಾಪತಿ ಅಣ್ಣನ ಹತ್ತಿರ ಹೋದೆವು. ಅವರೂ ಸರ್ ಶಿಷ್ಯರೇ, ನಮಗಿಂತ ಸೀನಿಯರ್. ಚಹಾ, ಮಿರ್ಚಿ ಭಜಿ ಎಲ್ಲ ತರಿಸಿದರು. ಹಣ ಮಾತ್ರ ಇಲ್ಲ.

"ನಿಮ್ಮ ಸರ್ ನನ್ನ ಪ್ರಾಕ್ಟಿಕಲ್‌ನ್ಯಾಗ ಮೂರ್ ಸಲ ಫೇಲ್ ಮಾಡ್ಯಾರ್ರಿ. ಡಿಗ್ರಿನ ಮುಗೀಲಿಲ್ಲ. ಈಗ ಇನ್ನೊಂದ್ ಸಲ ಆ ಟೇಬಲ್ ಮುಂದ ನಿಲ್ಲಸ್ರಿ, ಪಾಸ್ ಆಗಿ ತೋರಸ್ತೀನಿ."

ಮುಖ ಸಣ್ಣದು ಮಾಡಿಕೊಂಡು ಎದ್ದೆ. ಗುಲ್ನಾಜ್ ಇನ್ನೊಂದು ಮಿರ್ಚಿ ತಿಂದೇ ಎದ್ದಳು.

21 ಸೆಪ್ಟೆಂಬರ್. ರಾಯಚೂರು

ಸರ್ ಹೆಂಡತಿ ನೀಲಗಂಗಮ್ಮನವರು ಕರೆಸಿದ್ದರು. ಮಿಲ್ಲಿಗೆ ಹೋದ ಸುದ್ದಿ ಯಾರೋ ಮುಟ್ಟಿಸಿದ್ದಾರೆ.

"ಅವ್ರ ಹೆಸರ ಹೇಳಿ ಮಂದಿ ಮುಂದ ಕೈ ಒಡ್ಡಬ್ಯಾಡ್ರಿ ಯವ್ವಾ. ಅವ್ರು ಯಾರ ಹತ್ರನೂ ಏನೂ ಕೇಳಿದವ್ರಲ್ಲ."

"ನನ್ನ ಸಲುವಾಗಿ ಕೇಳ್ಯಾರ್ರಿ ಅಮ್ಮಾರ," ಎಂದೆ. ಅಪ್ಪ ನನ್ನ ಕಾಲೇಜು ಬಿಡಿಸಿದಾಗ ಸರ್ ಬಸ್ಸು ಹಿಡಿದು ನಮ್ಮೂರು ಕವಿತಾಳಕ್ಕೆ ಬಂದಿದ್ದರು. ಕಟ್ಟೆ ಮೇಲೆ ಕೂತು ಸಂಜೆಯವರೆಗೆ ಜೋಳದ ಬೆಳೆ ಬಗ್ಗೆಯೇ ಮಾತು. ಏಳುವಾಗ ಒಂದೇ ಮಾತು — "ಹುಡುಗೀನ ಕಳಸ್ರಿ." ಅಪ್ಪ ಕಳಿಸಿದ.

"ಅದು ಬ್ಯಾರೆ," ಎಂದರು ನೀಲಗಂಗಮ್ಮನವರು.

ಅವರು ಒಲ್ಲೆ ಎಂದರೆ ಮುಗಿಯಿತು. ಬಸ್ಸಲ್ಲಿ ಅಳು ಬಂತು... ಮಾನ್ವಿ ಇನ್ನೂ ದೂರ ಇರುವಾಗಲೇ ಪಂಪಾಪತಿ ಅಣ್ಣನ ಮಾತು ನೆನಪಾಯಿತು. ಗುಲ್ನಾಜ್‌ಗೆ ಫೋನ್ ಹಚ್ಚಿದೆ. ಕೈ ಒಡ್ಡುವುದು ಬೇಡ. ಸರ್ ಪ್ರಾಕ್ಟಿಕಲ್ ಪರೀಕ್ಷೆ ಮತ್ತೆ ಇಡೋಣ. ಹಳೆಯ ವಿದ್ಯಾರ್ಥಿಗಳು ಫೀ ಕಟ್ಟಿ ಬರಲಿ. ಫೇಲಾದವರಿಗೆ ದಂಡ.

ಅವಳು ನಕ್ಕ ರಭಸಕ್ಕೆ ಅಂಗಡಿಯ ಗಿರಾಕಿಗಳೂ ನಗುವುದು ಕೇಳಿಸಿತು.

24 ಸೆಪ್ಟೆಂಬರ್

ನೀಲಗಂಗಮ್ಮನವರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಟೇಬಲ್ಲಿಗೊಂದು ಗಿಡ, ಹೆಸರಿನ ಚೀಟಿ ಇಲ್ಲ, ನೋಡಿ ಹೆಸರು ಬರೆಯಬೇಕು. ಗಂಟೆ ಹೊಡೆದಾಗ ಮುಂದಿನ ಟೇಬಲ್ಲಿಗೆ. ಅಮ್ಮ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಗಂಟಿ ಯಾರ್ ಹೊಡಿತಾರ?"

"ಇನ್ನಾ ಯಾರಿಲ್ರಿ."

"ನಾನ ಹೊಡಿತೀನಿ ತಗೋ."

11 ಅಕ್ಟೋಬರ್. ದೇವದುರ್ಗ

ದಿನವೆಲ್ಲ ಹೊಲದ ಬದುವಿನಲ್ಲಿ ನಾಳಿನ ಪರೀಕ್ಷೆಗೆ ಗಿಡ ಕಿತ್ತೆವು. ತುಂಬೆ, ಉತ್ತರಾಣಿ, ತಂಗಡಿ. ಗುಲ್ನಾಜ್ ಅಂಗೈ ತುಂಬ ನೆಗ್ಗಿಲು ಮುಳ್ಳು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಬರೀ ಹೆಬ್ಬೆರಳಿನ ಚಿತ್ರಗಳು. ಬರುತ್ತೇನೆ ಅಂತ ಒಬ್ಬರೂ ಬರೆದಿಲ್ಲ.

"ಯಾರೂ ಬರಲಿಲ್ಲಂದ್ರ?" ಎಂದೆ.

"ನಾನೂ ನೀನೂ ಬರೆಯೋಣು. ನೀ ಫೇಲ್ ಆಗು. ಸುಮ್ನ ಬಾ ಬೇ."

12 ಅಕ್ಟೋಬರ್, ಭಾನುವಾರ. ರಾಯಚೂರು

ಬಂದರು. ನಮ್ಮ ಕಾಲೇಜಿನ ಹಾಲ್ ಸಾಲಲಿಲ್ಲ. ಎರಡು ಬ್ಯಾಚ್ ಮಾಡಬೇಕಾಯಿತು.

ಡಾಕ್ಟರು, ಬ್ಯಾಂಕಿನವರು, ಮೊಮ್ಮಕ್ಕಳನ್ನು ಕರೆತಂದವರು — ಎಲ್ಲರೂ ಪೆನ್ನು ಹಿಡಿದು ಉಗುಳು ನುಂಗುತ್ತ ನಿಂತಿದ್ದರು. ನೀಲಗಂಗಮ್ಮನವರು ಒಮ್ಮೆ ಸುತ್ತ ನೋಡಿದರು. ಕಣ್ಣು ತುಂಬಿದವು. ಆಮೇಲೆ ಗಂಟೆ ಹೊಡೆದರು, ಜೋರಾಗಿಯೇ.

ಮ್ಯಾನೇಜರ್ ಒಬ್ಬರು ಕಾಪಿ ಹೊಡೆದು ಗುಲ್ನಾಜ್ ಕೈಗೆ ಸಿಕ್ಕಿಬಿದ್ದರು. ಪಂಪಾಪತಿ ಅಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಗದ್ದೆಯಲ್ಲಿ ಬೆಳೆಯುವ ಕಳೆಹುಲ್ಲಿಗೆ ಭತ್ತ ಎಂದು ಬರೆದಿದ್ದರು.

"ಯಪ್ಪಾ, ಇದು ಕಳಿ," ಎಂದರು ಅಮ್ಮ.

"ಮಿಲ್ಲಿಗಿ ಬರೇ ಕಾಳ್ ಬರತಾವ್ರಿ ಅಮ್ಮಾರ. ಗಿಡ ಯಾರ್ ತರತಾರ?"

ಹಾಲೆಲ್ಲ ನಕ್ಕಿತು. ಅಮ್ಮನೂ ನಕ್ಕರು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. ಸರ್ ಹೋದಮೇಲೆ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ನಾಲ್ಕನೇ ಸಲವೂ ಫೇಲ್. ಅಣ್ಣ ಅಲ್ಲೇ ನಿಂತು ಚೆಕ್ ಬರೆದರು, ದಂಡಕ್ಕಿಂತ ಎಷ್ಟೋ ದೊಡ್ಡದು. ನಾವು ಕೇಳಿರಲಿಲ್ಲ. "ಸಪ್ಲಿಮೆಂಟರಿ ಯಾವಾಗ್ರಿ?" ಎಂದು ಮಾತ್ರ ಕೇಳಿದರು.

"ಮುಂದಿನ ವರ್ಷ. ಓದ್ಕೊಂಡು ಬಾ," ಎಂದರು ಅಮ್ಮ.

ಲೆಕ್ಕ ನೋಡಿ ಗುಲ್ನಾಜ್ ಅಂದಳು — ಒಬ್ಬ ಹುಡುಗಿಗಲ್ಲ, ಇಬ್ಬರಿಗಾಗುತ್ತದೆ.

13 ಅಕ್ಟೋಬರ್, ಬೆಳಿಗ್ಗೆ. ಮಾನ್ವಿ

ಕಾಲು ನೋವು. ಚಹಾ ಇನ್ನೂ ಕುಡಿದಿಲ್ಲ, ಬಾಗಿಲು ಬಡಿದ ಸದ್ದು. ಪಂಪಾಪತಿ ಅಣ್ಣ. ಕೈಯಲ್ಲಿ ಬೇರುಸಮೇತ ಕಿತ್ತ ಗಿಡ, ಮಣ್ಣು ಹೊಸ್ತಿಲ ಮೇಲೆಲ್ಲ.

"ಟೀಚರ, ಇದಕ್ಕ ಏನಂತಾರ್ರಿ?"

ನೋಡಿದೆ. ತಿರುಗಿಸಿ ನೋಡಿದೆ. ನನಗೂ ಗೊತ್ತಿಲ್ಲ. ಕುಳ್ಳಿರಿಸಿ ಒಳಗೆ ಬಂದಿದ್ದೇನೆ, ಚಹಾ ತರುವ ನೆಪದಲ್ಲಿ ಪುಸ್ತಕ ಹುಡುಕಲು. ಲಕ್ಷಣ ಮರೆಯುವ ಮೊದಲು ಬರೆದಿಡುತ್ತೇನೆ: ಎಲೆ ಎದುರುಬದುರು, ಹೂವು ಹಳದಿ, ಕಾಂಡ...