ಯಜಮಾನ್ರನ್ನು ಕಳಿಸಿಕೊಟ್ಟ ಮಂಗಳವಾರ

ನವೆಂಬರ್ ೧೪, ಶುಕ್ರವಾರ

ಪ್ರೀತಿಯ ಪುಟ್ಟಿ,

ನೀನು ಚೆನ್ನಾಗಿದ್ದೀಯೆಂದು ನಂಬಿಕೊಂಡೇ ಬರೆಯುತ್ತಿದ್ದೇನೆ. ಹೊಸ ಊರಿನ ಗಾಳಿಗೆ ಮೂಗು ಕಟ್ಟುತ್ತದೆ ಎಂದಿದ್ದೆಯಲ್ಲ, ಈಗ ಹೇಗಿದೆ? ಮೂರು ದಿನದಿಂದ ಕಾಗದ ಬರೆಯಲೆಂದು ಕೂರುವುದು, ಎದ್ದುಹೋಗಿ ಯಾರದೋ ಅಂಗಿಗೆ ಗುಂಡಿ ಹಚ್ಚುವುದು, ಇದೇ ಆಗಿದೆ. ತಡವಾಯಿತು, ಬೈಯಬೇಡ.

ಮಂಗಳವಾರ ಸಂಜೆ ಫೋನಿನಲ್ಲಿ "ಯಜಮಾನ್ರು ಹೋಗ್ಬಿಟ್ರು ಕಣೇ, ಡಾಕ್ಟ್ರನ್ನ ಮನೆಗೇ ಕರೆಸಿದ್ದೆ" ಎಂದೆ. ನೀನು "ಸರಿ ಅಕ್ಕ" ಎಂದು ಇಟ್ಟುಬಿಟ್ಟೆ. ನೀನು ಎರಡೇ ಮಾತಿಗೆ ನಿಲ್ಲಿಸಿದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಹೆಂಗಸರಿಬ್ಬರ ಮನೆಗೆ ಇವನೊಬ್ಬನೇ ಗಂಡಸು ಎಂದು ನಾಯಿಮರಿಗೆ ಆ ಹೆಸರಿಟ್ಟವಳು ನೀನು. ಇಪ್ಪತ್ತೆಂಟಕ್ಕೆ ರಜ ಸಿಗುತ್ತದೆ, ಅಲ್ಲಿಯ ತನಕ ಹೇಗಾದರೂ ತಡಿ ಎಂದು ಕೇಳಿಕೊಂಡವಳೂ ನೀನೇ. ನಾನು ತಡೆಯಲಿಲ್ಲ. ಯಾಕೆಂದು ನಿನಗೆ ಹೇಳಲೇಬೇಕು.

ನಿನಗೆ ವರ್ಗವಾದ ಮೇಲೆ ಅವನ ಹಿಂಗಾಲುಗಳು ಪೂರ್ತಿ ಸೋತವು. ಹಳೇ ಜೀನ್ಸ್ ಪ್ಯಾಂಟು ಕತ್ತರಿಸಿ, ಎರಡು ಪದರ ಹೊಲಿದು, ಹೊಟ್ಟೆಯ ಕೆಳಗೆ ತೂರಿಸಿ ಎತ್ತುವ ಪಟ್ಟಿಯೊಂದನ್ನು ಮಾಡಿದೆ. ಮೆಟ್ಟಿಲಿಳಿಯುವಾಗ ಸಂತೆಚೀಲ ಹಿಡಿದಂತೆ ಅವನನ್ನು ಹಿಡಿದಿರುತ್ತಿದ್ದೆ. ಕೆಳಗಿನ ಔಷಧಿ ಅಂಗಡಿಯವರು "ಏನಮ್ಮ, ಯಜಮಾನ್ರ ಸವಾರಿ ಹೊರಟಿತಾ?" ಎಂದರೆ ಇವನೂ ಗತ್ತಿನಿಂದಲೇ ನೋಡುತ್ತಿದ್ದ.

ಹೋದ ವಾರ ಆ ಗತ್ತೂ ಹೋಯಿತು. ಊಟ ಬಿಟ್ಟ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚೂರುಬಟ್ಟೆಯ ರಾಶಿಯಲ್ಲೇ ಒದ್ದೆ ಮಾಡಿಕೊಂಡು, ನಾನು ನೋಡಬಾರದೆಂದು ಮುಖವನ್ನು ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದ. ಸೋಮವಾರ ಎತ್ತಲು ಹೋದರೆ ನನ್ನ ಕೈಗೆ ಹಲ್ಲಿಟ್ಟ. ಕಚ್ಚಲಿಲ್ಲ, ಇಟ್ಟ ಅಷ್ಟೇ. ಆಮೇಲೆ ಅದೇ ಜಾಗವನ್ನು ನೆಕ್ಕತೊಡಗಿದ. ನನ್ನ ಕೈಲಿ ತಡೆಯಲಾಗಲಿಲ್ಲ, ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಎದ್ದು ಮೂಗೊರೆಸಿಕೊಂಡು ಡಾಕ್ಟರಿಗೆ ಫೋನು ಮಾಡಿದೆ.

ಡಾಕ್ಟರಮ್ಮ ಮರುದಿನ ಮಧ್ಯಾಹ್ನ ಬಂದು, ಕುರ್ಚಿ ಕೊಟ್ಟರೂ ಬೇಡವೆಂದು ಅವನ ಪಕ್ಕ ನೆಲಕ್ಕೇ ಕೂತರು. "ಮೂತ್ರಪಿಂಡ ಕೈಕೊಟ್ಟಿದೆಯಮ್ಮ. ಡ್ರಿಪ್ ಹಾಕಿದ್ರೆ ಒಂದೆರಡು ವಾರ ಎಳೀಬಹುದು. ಆದ್ರೆ ಎಳೆಯೋದು ನಾವು, ಎಳೆಸ್ಕೊಳ್ಳೋದು ಅವನು" ಎಂದರು. ಒಪ್ಪಿಗೆಪತ್ರದಲ್ಲಿ ಪ್ರಾಣಿಯ ಹೆಸರು 'ಯಜಮಾನ' ಎಂದು ಬರೆದುಕೊಂಡು, ಅದರ ಕೆಳಗೆ 'ಯಜಮಾನರ ಹೆಸರು' ಎಂದಿದ್ದಲ್ಲಿ ಪೆನ್ನು ನಿಲ್ಲಿಸಿ "ಇಲ್ಲಿ ಯಜಮಾನ್ರು ಯಾರಮ್ಮ, ನೀವಾ, ಅವ್ನಾ?" ಎಂದು ಕೇಳಿದರು. ಅಂಥ ಹೊತ್ತಿನಲ್ಲೂ ಇಬ್ಬರೂ ನಕ್ಕೆವು. ನಗುನಗುತ್ತಲೇ ಸಹಿ ಹಾಕಿದೆ, ಅಕ್ಷರ ಮಾತ್ರ ಸೊಟ್ಟಗಾಯಿತು.

ಮೊದಲ ಸೂಜಿಗೆ ನಿದ್ದೆ ಹೋದ. ತಲೆ ನನ್ನ ತೊಡೆಯ ಮೇಲಿತ್ತು. ಎರಡನೆಯದನ್ನು ಹಿಡಿದು ಡಾಕ್ಟರಮ್ಮ ನನ್ನ ಮುಖ ನೋಡಿದರು. "ಸಾಕು ಡಾಕ್ಟ್ರೇ" ಎಂದೆ. ಅವರು ಸೂಜಿ ಹಿಂದಕ್ಕೆ ತೆಗೆದರು. "ಬೇಡ್ವಾ? ನಿಲ್ಲಿಸ್ಲಾ?"

ನೋಡು, ನನ್ನ ಬಾಯಲ್ಲಿ ಈ ಮಾತಿಗೆ ಯಾವಾಗಲೂ ಇದೇ ಗತಿ. ಹನ್ನೆರಡು ವರ್ಷದ ಹಿಂದೆ ನೀನು ಬಸ್ ಸ್ಟಾಂಡಿನಿಂದ ಫೋನು ಮಾಡಿ, "ಅಕ್ಕಾ, ಇಲ್ಲೊಂದು ನಾಯಿಮರಿ ಇದೆ, ಏನ್ ಮಾಡ್ಲಿ?" ಎಂದೆ. ಆಗಲೇ ನೀನು ಒಂದು ಕುಂಟ ಪಾರಿವಾಳ, ಎರಡು ಬೆಕ್ಕು ತಂದು ಮನೆ ತುಂಬಿಸಿದ್ದೆ. ನಾನು ಹೊಲಿಗೆ ಮಿಷನ್ ತುಳಿಯುತ್ತಲೇ "ಸಾಕು!" ಎಂದು ಕಿರುಚಿದೆ. ಇನ್ನು ನಿಲ್ಲಿಸು ಮಹರಾಯ್ತಿ ಎಂದು ನನ್ನರ್ಥ. ನೀನು ಮರಿಯನ್ನು ಎದೆಗವಚಿಕೊಂಡು ಬಂದು, "ನೀನೇ ಸಾಕು ಅಂದ್ಯಲ್ಲ, ಸಾಕೋಣ" ಎಂದು ನನ್ನ ಮೇಲೇ ಗೂಬೆ ಕೂರಿಸಿದೆ. ನೀನು ತಪ್ಪು ತಿಳಿದಿದ್ದಕ್ಕೆ ಅವನಿಗೆ ಹನ್ನೆರಡು ವರ್ಷ ಸಿಕ್ಕಿತು. ಡಾಕ್ಟರಮ್ಮನೂ ತಪ್ಪೇ ತಿಳಿದುಕೊಳ್ಳಲಿ ಎಂದು ಒಂದು ಗಳಿಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಅವನ ಉಸಿರು ಗೊರಗೊರ ಎನ್ನುತ್ತಿತ್ತು. "ನಿಲ್ಲಿಸ್ಬೇಡಿ. ಅವ್ನು ಪಟ್ಟಿದ್ದು ಸಾಕು ಅಂದೆ" ಎಂದೆ.

ಒಂದು ನಿಮಿಷವೂ ಹಿಡಿಯಲಿಲ್ಲ ಪುಟ್ಟಿ. ತಿಂಗಳುಗಳಿಂದ ಬಿಗಿದುಕೊಂಡೇ ಇದ್ದ ಅವನ ಕುತ್ತಿಗೆ ಮೆತ್ತಗಾಯಿತು. ಉಸಿರು ಯಾವಾಗ ನಿಂತಿತೋ ನನಗೆ ತಿಳಿಯಲೇ ಇಲ್ಲ, ಡಾಕ್ಟರಮ್ಮನೇ ಹೇಳಬೇಕಾಯಿತು. ಅಳು ಆಮೇಲೆ ಬಂತು. ಮೊದಲು ಬಂದದ್ದು ನೆಮ್ಮದಿ. ಅವನಿಗಿನ್ನು ನೋವಿಲ್ಲ, ನನಗಿನ್ನು ಅವನ ನರಳಾಟ ಕೇಳಬೇಕಾಗಿಲ್ಲ ಎಂದು ಹೆಗಲ ಮೇಲಿನ ಮೂಟೆ ಇಳಿಸಿದಷ್ಟು ಹಾಯೆನಿಸಿತು. ಡಾಕ್ಟರಮ್ಮನ ಗಾಡಿಯಲ್ಲೇ ಅವನನ್ನು ಊರಾಚೆ ಪ್ರಾಣಿಗಳನ್ನು ಮಣ್ಣು ಮಾಡುವ ಜಾಗಕ್ಕೆ ಒಯ್ದೆವು. ಔಷಧಿ ಅಂಗಡಿಯವರು ಅಂಗಡಿ ಮುಚ್ಚಿ ಜೊತೆಗೆ ಬಂದರು. ಮರದ ನೆರಳಿದೆ, ಒಳ್ಳೆಯ ಜಾಗ. ಮರುದಿನ ನಾನು ಎದ್ದಾಗ ಎಂಟು ಗಂಟೆ. ಅಷ್ಟು ನಿದ್ದೆ ಮಾಡಿ ಎಷ್ಟು ಕಾಲವಾಗಿತ್ತೋ.

ಇಲ್ಲಿ ಉಳಿದದ್ದೆಲ್ಲ ಎಂದಿನಂತೆ. ಶಾಲೆಯ ಸಮವಸ್ತ್ರ ಅರವತ್ತು ಜೊತೆ ಬಂದಿವೆ, ಕಾಜ ಹಾಕಿ ಹಾಕಿ ಬೆರಳು ತೂತಾಗಿದೆ. ಇಪ್ಪತ್ತೆಂಟಕ್ಕೆ ತಪ್ಪದೆ ಬಾ. ಜಗಳವಾಡುವುದಿದ್ದರೆ ಬಂದೇ ಆಡು, ಫೋನಿನಲ್ಲಿ "ಸರಿ ಅಕ್ಕ" ಎನ್ನಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಎಲ್ಲ ಒಳ್ಳೆಯದಾಗಲಿ, ನೀನು ನಗುತ್ತಾ ಇರು.

ಆಶೀರ್ವಾದಗಳೊಂದಿಗೆ,
ನಿನ್ನ ಅಕ್ಕ

ತಾ.ಕ.: ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಮಂಗಳವಾರ ಮಧ್ಯಾಹ್ನ ನೀನು ಮಾಡಿದ ಫೋನು ಮಿಷನ್ ಸದ್ದಿಗೆ ಕೇಳಿಸಲಿಲ್ಲ ಎಂದು ಸಂಜೆ ಹೇಳಿದೆನಲ್ಲ, ಅದು ಸುಳ್ಳು. ಮಿಷನ್ ನಿಂತಿತ್ತು. ಫೋನು ನನ್ನ ಕೈಯಲ್ಲೇ ಇತ್ತು, ಡಾಕ್ಟರಮ್ಮ ಮೊದಲ ಸೂಜಿಗೆ ಔಷಧಿ ಎಳೆಯುತ್ತಿದ್ದರು. ನೀನು "ತಡಿ ಅಕ್ಕ" ಎಂದರೆ ತಡೆದುಬಿಡುತ್ತೇನೆಂದು ಹೆದರಿ ಎತ್ತಲಿಲ್ಲ. ಅವನಿಗೆ ಇನ್ನೂ ಎಚ್ಚರವಿತ್ತು ಪುಟ್ಟಿ, ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಫೋನನ್ನು ಅವನ ಕಿವಿಗೆ ಹಿಡಿದಿದ್ದರೆ ನೀನು ಅವನಿಗೆ ಏನಾದರೂ ಹೇಳುತ್ತಿದ್ದೆ.